ಗಂಜಿನ ಬಾಗಿಲಿಗೆ ಯಂತ್ರದ ದಂಡ: ಬೇಕು, ಆದರೆ ಯಾವ ಬದಿಗೆ?

ಭಾದ್ರಪದದ ಹೊತ್ತಿಗೆ ಹೆಸರು ಮತ್ತು ಉದ್ದು, ದೀಪಾವಳಿಯ ಆಸುಪಾಸಿನಲ್ಲಿ ಸೋಯಾ, ಸಂಕ್ರಾಂತಿಯ ಹಿಂದುಮುಂದಿನ ವಾರಗಳಲ್ಲಿ ತೊಗರಿ. ಬೀದರ ಜಿಲ್ಲೆಯ ದಕ್ಷಿಣ ಮತ್ತು ಪಶ್ಚಿಮ ಭಾಗದ ವರ್ತಕರ ವರ್ಷವು ಈ ಆವಕದ ಲೆಕ್ಕದಲ್ಲಿಯೇ ಉರುಳುತ್ತದೆ. ಇದರ ನಡುವೆ ಕಬ್ಬಿನ ಹಂಗಾಮು ಬೇರೆ. ಹುಮನಾಬಾದ್ ಮತ್ತು ಬಸವಕಲ್ಯಾಣದ ಮಾರುಕಟ್ಟೆ ಪ್ರಾಂಗಣಗಳ, ಅಂದರೆ ಈ ಭಾಗದವರ ಮಾತಿನಲ್ಲಿ ಗಂಜುಗಳ, ಬಾಗಿಲಿನಲ್ಲಿ ಈ ದಿನಗಳಲ್ಲಿ ನಿಲ್ಲುವ ಟ್ರ್ಯಾಕ್ಟರು, ಲಾರಿ, ಟಂಟಂಗಳ ಸಾಲು ಯಾರಿಗೂ ಹೊಸದಲ್ಲ. ಹೊಸದೆಂದರೆ, ಆ ಸಾಲಿಗೆ ಪರಿಹಾರವಾಗಿ ತಾನಾಗಿ ಏರಿಳಿಯುವ ಅಡ್ಡದಂಡವನ್ನು, ಎಲ್ಲರೂ ಬೂಮ್ ಬ್ಯಾರಿಯರ್ ಎಂದು ಕರೆಯುವ ಯಂತ್ರವನ್ನು, ಕೂಡಿಸಬೇಕೆಂಬ ವಿಚಾರ. ಹೈದರಾಬಾದಿನ ಮಾಲ್‌ಗಳಲ್ಲಿ, ಹೆದ್ದಾರಿಯ ಟೋಲ್ ನಾಕಾಗಳಲ್ಲಿ, ದೊಡ್ಡ ಕಂಪನಿಗಳ ಕಾಂಪೌಂಡುಗಳಲ್ಲಿ ಅದನ್ನು ಕಂಡವರಿಗೆ ತಮ್ಮ ಗೋದಾಮಿನ ಮುಂದೆಯೂ ಅದೊಂದು ಇದ್ದರೆ ವ್ಯವಹಾರಕ್ಕೆ ಶಿಸ್ತು ಬಂದೀತೆಂದು ಅನ್ನಿಸುವುದು ಸಹಜ.

ಶಿಸ್ತು ಬರುವುದೋ, ಸಾಲು ಇನ್ನಷ್ಟು ಬೆಳೆಯುವುದೋ ಎಂಬುದು ಯಂತ್ರದ ಮೇಲೆ ಅಷ್ಟಾಗಿ ನಿಂತಿಲ್ಲ. ದಂಡವನ್ನು ಎಲ್ಲಿ, ಯಾವ ಬದಿಗೆ, ಯಾವ ಪ್ರಶ್ನೆ ಕೇಳುವುದಕ್ಕಾಗಿ ಇಡಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಕೊಟೇಶನ್ ತರಿಸಿಕೊಳ್ಳುವುದು ಹಣಕ್ಕೂ ಕೇಡು, ವ್ಯಾಪಾರಕ್ಕೂ ಕೇಡು.

ದಾರಿಗೆ ಅಡ್ಡ ಕಟ್ಟಿ ಸರಕನ್ನು ನಿಲ್ಲಿಸುವ ಪದ್ಧತಿ ಈ ನೆಲಕ್ಕೆ ಬಹಳ ಹಳೆಯದು. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರ ನಡುವೆ ಸುಂಕದ ಬಂಕಣ್ಣನೆಂಬ ಹೆಸರು ಇದೆ; ಸುಂಕ ವಸೂಲಿಯೇ ಅವನ ಕಾಯಕ. ಸುಂಕದ ಕಟ್ಟೆಯಲ್ಲಿ ಕುಳಿತವನೂ ಪ್ರಾಮಾಣಿಕನಾಗಿರಬಲ್ಲನೆಂಬುದನ್ನು ಅಂದಿನ ಸಮಾಜ ಒಪ್ಪಿತ್ತು ಎಂಬುದು ಇಂದಿನ ವರ್ತಕರಿಗೆ ಸ್ವಲ್ಪ ಆಶ್ಚರ್ಯದ ಸಂಗತಿಯೇ ಸರಿ. ಮುಂದೆ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕರೋಡಗಿರಿ ಇಲಾಖೆಯ ನಾಕಾಗಳು ಬಂದವು. ಏಕೀಕರಣದ ನಂತರ ಪುರಸಭೆಗಳ ಜಕಾತಿ ನಾಕಾಗಳು ಉಳಿದವು. ಕರ್ನಾಟಕದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ. ಮೂರು ರಾಜ್ಯಗಳು ಕೂಡುವ ಈ ಗಡಿ ಭಾಗದಲ್ಲಿ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳ ಕಾಟ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ 2017ರ ಜುಲೈ 1ರ ನಂತರ ಕೊನೆಗೊಂಡಿತು. ಅಡ್ಡದಂಡವೊಂದರ ಮುಂದೆ ಲಾರಿ ಗಂಟೆಗಟ್ಟಲೆ ನಿಂತರೆ ಏನು ನಷ್ಟವೆಂಬುದನ್ನು ಹುಮನಾಬಾದಿನ ಲಾರಿ ಮಾಲೀಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರ್ಕಾರ ತೆಗೆದುಹಾಕಿದ ನಾಕಾವನ್ನು ವರ್ತಕರು ತಮ್ಮದೇ ಖರ್ಚಿನಲ್ಲಿ ತಮ್ಮದೇ ಬಾಗಿಲಿಗೆ ಮರಳಿ ಕಟ್ಟಿಕೊಳ್ಳಬಾರದು. ದಂಡ ಎಂಬ ಮಾತಿಗೆ ಕನ್ನಡದಲ್ಲಿ ಕೋಲು ಎಂಬ ಅರ್ಥವೂ ಉಂಟು, ಜುಲ್ಮಾನೆ ಎಂಬ ಅರ್ಥವೂ ಉಂಟು.

ಹಾಗೆಂದು ಬಾಗಿಲು ಬಟಾಬಯಲಾಗಿರಲಿ ಎಂದು ಯಾರೂ ಹೇಳಲಾರರು. ಹೊರಗಿನ ಲಾರಿಗಳು ರಾತ್ರಿ ಪ್ರಾಂಗಣದೊಳಗೆ ತಂಗುವುದು, ಕಾಟಾ ಆಗದ ಮಾಲು ಕಾಟಾ ಆದ ಮಾಲಿನೊಂದಿಗೆ ಬೆರೆತು ಹೊರಬೀಳುವುದು, ಒಂದೆರಡು ಚೀಲ ದಾರಿ ತಪ್ಪುವುದು, ಖಾಲಿಯೆಂದು ಬರೆಸಿದ ಗಾಡಿಯಲ್ಲಿ ಗುಜರಿ ಕಬ್ಬಿಣದ ಮರೆಗೆ ಹೊಸ ಬೇರಿಂಗುಗಳು ಸಾಗುವುದು, ಇವೆಲ್ಲ ಅಡತ್ ಅಂಗಡಿಯಿಂದ ಹಿಡಿದು ಫ್ಯಾಬ್ರಿಕೇಶನ್ ಶೆಡ್ಡಿನವರೆಗೆ ಎಲ್ಲರೂ ಬಲ್ಲ ತೊಂದರೆಗಳು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಕಳವಾದ ಮೇಲೆ ರಿಜಿಸ್ಟರ್ ತಿರುವಿ ಹಾಕುವುದರಿಂದ ಏನೂ ದೊರೆಯುವುದಿಲ್ಲ.

ನಿಯಂತ್ರಣದ ಅಗತ್ಯಕ್ಕೆ ಈಗ ಇನ್ನೊಂದು ಕಾರಣ ಸೇರಿದೆ. ಅದರ ಬಗ್ಗೆ ಸಣ್ಣ ಉತ್ಪಾದಕರು ಇನ್ನೂ ಸಾಕಷ್ಟು ಯೋಚಿಸಿದಂತಿಲ್ಲ. ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಜಾರಿಗೊಳಿಸಿದ್ದು ಕರ್ನಾಟಕವೇ ಮೊದಲು. ಹುಮನಾಬಾದಿನಿಂದ ಪೂರ್ವಕ್ಕೆ ಹೊರಟ ಸರಕು ಸ್ವಲ್ಪ ಹೊತ್ತಿಗೆ ತೆಲಂಗಾಣ ಸೇರುತ್ತದೆ, ಬಸವಕಲ್ಯಾಣದಿಂದ ಪಶ್ಚಿಮಕ್ಕೆ ಹೊರಟದ್ದು ಮಹಾರಾಷ್ಟ್ರ ಸೇರುತ್ತದೆ. ಬಿಲ್ಲಿನ ಎರಡನೆಯ ಭಾಗದಲ್ಲಿ ವಾಹನದ ಸಂಖ್ಯೆ ತಪ್ಪಾಗಿದ್ದರೆ ದಾರಿಯಲ್ಲಿ ತನಿಖೆಗೆ ಸಿಕ್ಕಾಗ ಕಾಯ್ದೆಯ 129ನೇ ಕಲಮಿನ ಅಡಿಯಲ್ಲಿ ಸರಕು ಮತ್ತು ವಾಹನ ಎರಡನ್ನೂ ತಡೆಹಿಡಿಯುವ ಅಧಿಕಾರ ಅಧಿಕಾರಿಗಳಿಗಿದೆ. ಸಂಖ್ಯೆಯ ಒಂದೆರಡು ಅಂಕಿಗಳಷ್ಟೇ ತಪ್ಪಿದ್ದರೆ ಹಾಗೆ ಮಾಡದೆ ಒಟ್ಟು ಒಂದು ಸಾವಿರ ರೂಪಾಯಿ ದಂಡ ವಿಧಿಸಿ ಬಿಡಬೇಕೆಂದು 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ. ಆದರೆ ಕೊನೆಯ ಗಳಿಗೆಯಲ್ಲಿ ಲಾರಿಯನ್ನೇ ಬದಲಿಸಿ, ಬಿಲ್ಲಿನಲ್ಲಿ ಹಳೆಯ ಲಾರಿಯ ಸಂಖ್ಯೆಯನ್ನು ಹಾಗೆಯೇ ಬಿಟ್ಟವರಿಗೆ ಆ ಸುತ್ತೋಲೆ ರಕ್ಷಣೆ ಕೊಡುವುದಿಲ್ಲ. ಕಾರ್ಖಾನೆಯ ಹೊರಬಾಗಿಲಿನಲ್ಲಿ ಲಾರಿಯ ಸಂಖ್ಯೆಫಲಕವನ್ನೂ ಕೈಯಲ್ಲಿರುವ ಬಿಲ್ಲನ್ನೂ ಒಮ್ಮೆ ತಾಳೆ ನೋಡಿದ ಮೇಲೆಯೇ ದಂಡ ಏಳುವಂತಿದ್ದರೆ, ಆ ಒಂದು ನಿಮಿಷವು ಜಹೀರಾಬಾದಿನ ಆಚೆ ರಸ್ತೆಯ ಬದಿಯಲ್ಲಿ ಕಳೆಯಬಹುದಾದ ಎರಡು ದಿನಗಳನ್ನು ಉಳಿಸುತ್ತದೆ. ದಂಡದ ನಿಜವಾದ ಉಪಯೋಗ ಹೊರಹೋಗುವ ಬಾಗಿಲಿನಲ್ಲಿದೆ ಎಂಬುದಕ್ಕೆ ಇದು ಒಂದು ದೃಷ್ಟಾಂತ.

ಒಳಬರುವ ಬಾಗಿಲಿನ ಮಾತು ಬೇರೆ. ಅದಕ್ಕೊಂದು ಸರಳ ಲೆಕ್ಕ ಹಾಕಬಹುದು. ಸುಗ್ಗಿಯ ಒಂದು ದಿನ ಗಂಜಿಗೆ ನೂರೈವತ್ತು ವಾಹನಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ಬಾಗಿಲಿನಲ್ಲಿ ರೈತನ ಹೆಸರು, ಊರು, ಮಾಲು, ಚೀಲದ ಲೆಕ್ಕ, ಅಡತ್ ಅಂಗಡಿಯ ಹೆಸರು ಬರೆದುಕೊಳ್ಳಲು ಒಂದೊಂದಕ್ಕೆ ಮೂರು ನಿಮಿಷ ಹಿಡಿದರೆ ಒಟ್ಟು ಏಳೂವರೆ ಗಂಟೆಯಾಯಿತು. ಈಗ ಅಗ್ಗದ, ಆರು ಸೆಕೆಂಡಿಗೆ ಏಳುವ ದಂಡದ ಬದಲು ದುಬಾರಿಯ, ಎರಡು ಸೆಕೆಂಡಿಗೆ ಏಳುವ ದಂಡವನ್ನು ತಂದರೆ ಉಳಿಯುವುದೆಷ್ಟು? ಒಂದು ವಾಹನಕ್ಕೆ ನಾಲ್ಕು ಸೆಕೆಂಡು, ಇಡೀ ದಿನಕ್ಕೆ ಹತ್ತು ನಿಮಿಷ. ಬರೆಯುವ ಕೆಲಸವನ್ನೇ ಮೂರರಿಂದ ಒಂದು ನಿಮಿಷಕ್ಕೆ ಇಳಿಸಿದರೆ ಐದು ಗಂಟೆ ಉಳಿಯುತ್ತದೆ. ಸಾಲು ನಿಲ್ಲುವುದು ಕೇಳುವ ಪ್ರಶ್ನೆಗಳಿಂದ. ಇದನ್ನು ಯಂತ್ರ ಮಾರುವವರು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವಂತೆಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯ ಪದ್ಧತಿಯಲ್ಲಿ ಮಾಲು ಬಾಗಿಲು ದಾಟುವಾಗಲೇ ನೋಂದಣಿಯಾಗಿ ಅದಕ್ಕೊಂದು ಲಾಟ್ ಸಂಖ್ಯೆ ಬೀಳಬೇಕು. ಮುಂದಿನ ಟೆಂಡರು, ತೂಕ, ಪಾವತಿ ಎಲ್ಲವೂ ಆ ಸಂಖ್ಯೆಯ ಮೇಲೆ ನಡೆಯುತ್ತವೆ. ಬಾಗಿಲಿನಲ್ಲಿ ನಿಲ್ಲಿಸದಿದ್ದರೆ ಸಂಖ್ಯೆ ಕೊಡುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಲ್ಲಿಸುವುದು ಬೇರೆ, ರಸ್ತೆಯ ಮೇಲೆ ನಿಲ್ಲಿಸುವುದು ಬೇರೆ. ಮೋಟಾರು ವಾಹನ ನಿಯಮಗಳ ಪ್ರಕಾರ ಸಾಮಾನ್ಯ ಲಾರಿ ಹನ್ನೆರಡು ಮೀಟರ್ ಉದ್ದದವರೆಗೆ ಇರಬಹುದು. ನಡುವಿನ ಅಂತರ ಸೇರಿಸಿ ಹದಿನೈದು ಮೀಟರ್ ಎಂದರೆ ಹತ್ತು ಲಾರಿಗಳ ಸಾಲು ನೂರೈವತ್ತು ಮೀಟರ್. ದಂಡವನ್ನು ಕಾಂಪೌಂಡಿನ ಗೋಡೆಯ ಸಾಲಿನಲ್ಲೇ ನೆಟ್ಟರೆ ಆ ನೂರೈವತ್ತು ಮೀಟರೂ ಸಾರ್ವಜನಿಕ ರಸ್ತೆಯ ಮೇಲೆ ಬೀಳುತ್ತದೆ. ಹುಮನಾಬಾದಿನಲ್ಲಿ ಆ ರಸ್ತೆಗಳು ಸಾಧಾರಣ ರಸ್ತೆಗಳಲ್ಲ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ಮಾರ್ಗವಾಗಿ ಮಛಲಿಪಟ್ಟಣಕ್ಕೆ ಹೋಗುವ, ಹಿಂದೆ 9ನೇ ಸಂಖ್ಯೆಯಿದ್ದು ಈಗ 65 ಆಗಿರುವ ರಾಷ್ಟ್ರೀಯ ಹೆದ್ದಾರಿಯೂ, ಬೀದರಿನಿಂದ ಕಲಬುರಗಿ, ವಿಜಯಪುರದ ಕಡೆಗಿನ 50ನೇ ಹೆದ್ದಾರಿಯೂ ಸಂಧಿಸುವ ಊರು ಇದು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ ಮತ್ತು ತೊಗರಿಯ ಆವಕ ಒಟ್ಟಿಗೆ ಬಂದಾಗ ಊರಿನ ರಸ್ತೆಗಳ ಸ್ಥಿತಿ ಏನಾಗುವುದೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ಗಂಜಿನಲ್ಲಿ ಒಳಬರುವ ದಾರಿಯ ದಂಡ ಹಗಲೆಲ್ಲ ಎದ್ದೇ ಇರಲಿ, ಗೋಡೆಯಿಂದ ಸಾಕಷ್ಟು ಒಳಗೆ ನಿಲುಗಡೆಯ ಅಂಗಳವೊಂದಿರಲಿ, ನೋಂದಣಿ ಅಲ್ಲಿ ಎರಡು ಮೂರು ಕೈಗಳಿಂದ ನಡೆಯಲಿ. ಹೊರಹೋಗುವ ದಾರಿಯ ದಂಡ ಇಳಿದಿರಲಿ. ಲಾಟಿನ ಲೆಕ್ಕ ಮುಗಿದ, ತೂಕದ ಚೀಟಿ ಇರುವ ವಾಹನಕ್ಕಷ್ಟೇ ಏಳಲಿ. ರೈತ ಮಾಲು ತರುವಾಗ ಅವನನ್ನು ತಡೆಯುವುದರಲ್ಲಿ ಯಾರಿಗೂ ಲಾಭವಿಲ್ಲ. ಮಾಲು ಮಾರಾಟವಾಗಿ ಹೊರಬೀಳುವಾಗಲೇ ಮಾರುಕಟ್ಟೆ ಶುಲ್ಕ, ಅಡತ್, ತೂಕ ಮೂರೂ ಕೂಡಿ ಲೆಕ್ಕಕ್ಕೆ ಬರುವುದು. ಬಾಗಿಲಿನಲ್ಲಿ ಬಿಸಿಲಿಗೆ ಎರಡು ತಾಸು ನಿಂತ ರೈತ ಮುಂದಿನ ಸಲ ಟ್ರ್ಯಾಕ್ಟರನ್ನು ಉಮರ್ಗಾ ಕಡೆಗೋ ಜಹೀರಾಬಾದ್ ಕಡೆಗೋ ತಿರುಗಿಸಿದರೆ ಅವನನ್ನು ಹಿಡಿದು ನಿಲ್ಲಿಸುವ ದಂಡ ಯಾವುದೂ ಇಲ್ಲ. ಲಾತೂರಿನ ಬೇಳೆಕಾಳು ವ್ಯಾಪಾರ, ಕಲಬುರಗಿಯ ತೊಗರಿ ವ್ಯಾಪಾರ ಇವೆರಡರ ನಡುವೆ ಬದುಕುವ ಸಣ್ಣ ಮಾರುಕಟ್ಟೆಗಳಿಗೆ ಇದು ಸಣ್ಣ ಮಾತಲ್ಲ.

ಯಂತ್ರದ ಒಳಹೊರಗನ್ನು ಸ್ವಲ್ಪ ತಿಳಿದುಕೊಂಡರೆ ಖರೀದಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ. ಬೂಮ್ ಬ್ಯಾರಿಯರಿನ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಒಂದು ಮೋಟಾರು, ವೇಗ ತಗ್ಗಿಸುವ ಗೇರು, ದಂಡದ ಭಾರವನ್ನು ಸಮತೂಗಿಸುವ ಸ್ಪ್ರಿಂಗು ಮತ್ತು ನಿಯಂತ್ರಣದ ಸರ್ಕ್ಯೂಟು. ಭಾರವನ್ನು ಹೊರುವುದು ಮೋಟಾರಲ್ಲ, ಸ್ಪ್ರಿಂಗು. ಅದರ ಬಿಗಿ ತಪ್ಪಿದರೆ ಮೋಟಾರು ಸುಡುತ್ತದೆ, ಇಲ್ಲವೆ ದಂಡ ಧೊಪ್ಪನೆ ಬೀಳುತ್ತದೆ. ಸ್ಪ್ರಿಂಗಿನ ಬಿಗಿಯನ್ನು ದಂಡದ ಉದ್ದಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ; ಆಮೇಲೆ ದಂಡಕ್ಕೆ ಜಾಹೀರಾತಿನ ಫಲಕ ತೂಗುಹಾಕಿದರೆ, ಕೆಂಪು ಬಾವುಟ ಕಟ್ಟಿದರೆ ಲೆಕ್ಕವೆಲ್ಲ ಕೆಡುತ್ತದೆ. ದಿನಕ್ಕೆ ಎಷ್ಟು ಬಾರಿ ಏರಿಳಿಯಲು ಯಂತ್ರವನ್ನು ತಯಾರಿಸಲಾಗಿದೆ ಎಂಬುದು ಖರೀದಿಗೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ. ಮನೆಗಳ ಬಡಾವಣೆಗೆಂದು ಮಾಡಿದ್ದು ಕಾರ್ಖಾನೆಯ ಬಾಗಿಲಿನಲ್ಲಿ ಒಂದು ಹಂಗಾಮು ಸಹ ಬಾಳದು.

ದಂಡ ವಾಹನದ ಮೇಲೆ ಬೀಳದಂತೆ ತಡೆಯುವುದು ರಸ್ತೆಯೊಳಗೆ ಹೂತ ತಂತಿಯ ಸುರುಳಿ, ಅಂದರೆ ಲೂಪ್. ಮೇಲೆ ಲೋಹದ ರಾಶಿ ಬಂದಾಗ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ, ಯಂತ್ರಕ್ಕೆ ವಾಹನವಿದೆಯೆಂಬುದು ತಿಳಿಯುತ್ತದೆ. ಕಾರುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಈ ಭಾಗದ ಬಾಗಿಲುಗಳಲ್ಲಿ ಬರುವುದು ಕಾರುಗಳಲ್ಲ. ಟ್ರ್ಯಾಕ್ಟರಿಗೂ ಅದರ ಹಿಂದಿನ ಟ್ರೇಲರಿಗೂ ನಡುವೆ ಇರುವುದು ಒಂದು ಸಣ್ಣ ಕಬ್ಬಿಣದ ಕೊಂಡಿಪಟ್ಟಿ ಮಾತ್ರ. ಟ್ರ್ಯಾಕ್ಟರ್ ದಾಟಿ ಆ ಪಟ್ಟಿ ಸುರುಳಿಯ ಮೇಲೆ ಬಂದ ಗಳಿಗೆಯಲ್ಲಿ ಯಂತ್ರವು ವಾಹನ ಹೋಯಿತೆಂದು ತಿಳಿದು ದಂಡ ಇಳಿಸಬಹುದು. ಅದು ಬೀಳುವುದು ಕೊಂಡಿಯ ಮೇಲೆ ಅಥವಾ ಅಲ್ಲಿ ಕಾಲಿಟ್ಟು ಕುಳಿತವನ ಮೇಲೆ. ಎತ್ತರದ ಚಾಸಿಯ ಲಾರಿಯಲ್ಲಿಯೂ ಇದೇ ಅಪಾಯ ಸ್ವಲ್ಪ ಮಟ್ಟಿಗೆ ಉಂಟು. ಕಟ್ಟಿಗೆಯ ಮೈಯ, ರಬ್ಬರಿನ ಗಾಲಿಯ ಎತ್ತಿನ ಗಾಡಿಯನ್ನು ಲೂಪ್ ಗುರುತಿಸುತ್ತದೆಂಬ ಭರವಸೆಯೇ ಇಲ್ಲ. ದ್ವಿಚಕ್ರ ವಾಹನದ ಮಾತೂ ಹಾಗೆಯೇ. ಆದುದರಿಂದ ಲೂಪ್ ಒಂದನ್ನೇ ನಂಬದೆ, ಎದೆಮಟ್ಟದಲ್ಲಿ ಬೆಳಕಿನ ಕಿರಣದ ಕಣ್ಣನ್ನೂ ಜೋಡಿಸಬೇಕು. ದಂಡದ ತುದಿಗೆ ಏನಾದರೂ ತಾಗಿದರೆ ಕೂಡಲೇ ಮೇಲೇಳುವ ಏರ್ಪಾಡು ಇರಬೇಕು. ಗಂಜಿನ ತೊಗರಿ ದೂಳು ಆ ಕಣ್ಣಿಗೆ ಕೂತರೆ ಅದು ದಿನವಿಡೀ ಅಡ್ಡಿಯಿದೆಯೆಂದೇ ತಿಳಿದು ದಂಡವನ್ನು ಎತ್ತಿಯೇ ಇಡುವುದು. ದಿನಕ್ಕೊಮ್ಮೆ ಅದನ್ನು ಒರೆಸುವವನು ಯಾರು ಎಂಬುದೂ ಕೊಟೇಶನ್ನಿನಲ್ಲಿ ಇರುವುದಿಲ್ಲ.

ಮಣ್ಣಿನ ವಿಷಯವೂ ಇದೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆಳವಿಲ್ಲದ ಕಾಂಕ್ರೀಟಿನ ಮೇಲೆ ಕಂಬ ನೆಟ್ಟರೆ ಎರಡು ಮಳೆಗಾಲದಲ್ಲಿ ಅದು ವಾಲುತ್ತದೆ. ಆರು ಮೀಟರಿನ ದಂಡದ ತುದಿ ಎದುರಿನ ಕವಲುಕಂಬಕ್ಕೆ ಕೂಡದೆ ಗಾಳಿಯಲ್ಲಿ ನಿಲ್ಲುತ್ತದೆ. ರಸ್ತೆ ಬಿರುಕು ಬಿಟ್ಟಾಗ ಲೂಪಿನ ತಂತಿ ತುಂಡಾಗುತ್ತದೆ. ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಈ ತೊಂದರೆ ಕಡಿಮೆ. ಎರಡು ಬಗೆಯ ನೆಲವೂ ಈ ಜಿಲ್ಲೆಯಲ್ಲಿ ಇರುವುದರಿಂದ ಹೈದರಾಬಾದಿನ ಗುತ್ತಿಗೆದಾರನ ಒಂದೇ ನಕ್ಷೆ ಎರಡೂ ಕಡೆಗೆ ಹೊಂದುವುದಿಲ್ಲ. ಇನ್ನು ವಿದ್ಯುತ್ತು. ಕರೆಂಟು ಹೋದಾಗ ದಂಡವನ್ನು ಕೈಯಿಂದ ಎತ್ತುವ ಕೀಲಿ ಎಲ್ಲ ಯಂತ್ರಗಳಲ್ಲಿಯೂ ಇರುತ್ತದೆ. ಆ ಕೀಲಿ ವಾಚ್‌ಮನ್ ಬಳಿ ಇರದೆ ಮಾಲೀಕನ ಮೇಜಿನ ಖಾನೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಈ ಕೀಲಿಯ ಪ್ರಶ್ನೆ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಬರೀ ಅನುಕೂಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಲ್ಲಿ ರಾಸಾಯನಿಕ ಹಾಗೂ ಔಷಧ ಮೂಲವಸ್ತುಗಳ ಘಟಕಗಳಿವೆ. ಬೆಂಕಿ ಹತ್ತುವ ದ್ರಾವಕಗಳ ಟ್ಯಾಂಕರುಗಳು ಬರುತ್ತವೆ, ಡ್ರಮ್ಮುಗಳು ಹೋಗುತ್ತವೆ. ಭೋಪಾಲದ 1984ರ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ರಾಸಾಯನಿಕ ಇಡುವ ಘಟಕಗಳು ತಮ್ಮ ಆವರಣದ ತುರ್ತು ಯೋಜನೆಯನ್ನು ಬರೆದಿಡಬೇಕೆಂದು ಹೇಳುತ್ತವೆ. ಆ ಯೋಜನೆಯಲ್ಲಿ ಬಾಗಿಲಿನ ದಂಡದ ಉಲ್ಲೇಖ ಇರಲೇಬೇಕು. ಬೆಂಕಿಯ ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ದಂಡ ತಾನಾಗಿ ಎದ್ದು ಎದ್ದೇ ನಿಲ್ಲಬೇಕು. ವಿದ್ಯುತ್ ನಿಂತಾಗ ಬೀಳುವ ಮಾದರಿಯನ್ನು ಇಂಥ ಘಟಕಗಳು ಕೊಳ್ಳಲೇಬಾರದು. ಬಾಗಿಲಿನ ಅಗಲವನ್ನೂ ಮರೆಯಬಾರದು. ಬಹುಮಹಡಿ ಕಟ್ಟಡಗಳ ಆವರಣಕ್ಕೆ ಅಗ್ನಿಶಾಮಕ ವಾಹನ ಬರಲು ಆರು ಮೀಟರಿಗೆ ಕಡಿಮೆಯಿಲ್ಲದ ಪ್ರವೇಶ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಇದೇ ಅಳತೆಯನ್ನು ಕಾರ್ಖಾನೆಗಳೂ ಇಟ್ಟುಕೊಂಡರೆ ಒಳ್ಳೆಯದು. ಎಂಟು ಮೀಟರಿನ ಬಾಗಿಲಿಗೆ ನಡುವೆ ಒಂದು ಕಟ್ಟೆ ಕಟ್ಟಿ, ಎರಡು ಬದಿಗೆ ಮೂರೂವರೆ ಮೀಟರಿನ ಎರಡು ದಂಡ ಹಾಕುವ ರೂಢಿ ಹಲವೆಡೆ ಇದೆ. ನೋಡಲು ಅಚ್ಚುಕಟ್ಟು. ಆದರೆ ಲಾರಿಯ ಅಗಲವೇ 2.6 ಮೀಟರ್ ಇರುವಾಗ, ಒಂದು ಬದಿಯಲ್ಲಿ ಟ್ಯಾಂಕರ್ ಕೆಟ್ಟು ನಿಂತರೆ ಇನ್ನೊಂದು ಬದಿಯ ಸಂದಿಯಲ್ಲಿ ಅಗ್ನಿಶಾಮಕ ಲಾರಿ ತಿರುಗಿಸಿ ನುಗ್ಗಿಸುವುದು ಎಷ್ಟು ಕಷ್ಟವೆಂಬುದನ್ನು ಯಾವ ಚಾಲಕನಾದರೂ ಹೇಳಬಲ್ಲ. ಅಲ್ಲಿ ಕಟ್ಟೆ ಕಟ್ಟದೆ, ತೆಗೆದಿಡಬಹುದಾದ ಕಂಬ ನೆಡುವುದೇ ಲೇಸು.

ಕಾಲ್ನಡಿಗೆಯವರಿಗೆ ಪ್ರತ್ಯೇಕ ದಾರಿ ಬೇಕು ಎಂಬುದನ್ನು ಹೇಳಬೇಕಾಗಿ ಬರುವುದೇ ವಿಷಾದ. ಪಾಳಿ ಬದಲಾಗುವಾಗ ಕೆಲಸಗಾರರು, ಗಂಜಿನಲ್ಲಿ ಹಮಾಲರು ಮತ್ತು ಕಾಳು ಹಸನು ಮಾಡುವ ಹೆಣ್ಣುಮಕ್ಕಳು ದಂಡದ ಕೆಳಗೆ ಬಾಗಿ ದಾಟುವುದು ಸಾಮಾನ್ಯ ನೋಟ. ತಲೆಯ ಮೇಲೆ ಚೀಲವಿದ್ದವನಿಗೆ ಮೇಲೆ ಇಳಿಯುತ್ತಿರುವ ದಂಡ ಕಾಣದು.

ವಾಹನವನ್ನು ಗುರುತಿಸುವ ಉಪಾಯಗಳ ಬಗ್ಗೆ ಈಗ ಬಹಳ ಉತ್ಸಾಹವಿದೆ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಟೋಲ್ ನಾಕಾಗಳಲ್ಲಿ ಕಡ್ಡಾಯವಾದ ಮೇಲೆ ಬಹುತೇಕ ಎಲ್ಲ ಲಾರಿಗಳ ಗಾಜಿನ ಮೇಲೆ ದೂರದಿಂದ ಓದಬಹುದಾದ ಪಟ್ಟಿ ಅಂಟಿಕೊಂಡಿದೆ. ಅದನ್ನೇ ಕಾರ್ಖಾನೆಯ ಬಾಗಿಲಿನಲ್ಲಿಯೂ ಓದಬಹುದಲ್ಲವೇ ಎಂಬ ವಿಚಾರ ಒಳ್ಳೆಯದೇ. ತಿಂಗಳಿಗೆ ಹಲವು ಬಾರಿ ಬರುವ ಗೊತ್ತಿರುವ ಲಾರಿಗಳಿಗೆ ಅದು ಸಾಕು. ರೈತನ ಟ್ರ್ಯಾಕ್ಟರಿನ ಮೇಲೆ ಆ ಪಟ್ಟಿ ಇರುವುದನ್ನು ನಿರೀಕ್ಷಿಸುವಂತಿಲ್ಲ. ಸಂಖ್ಯೆಫಲಕವನ್ನು ಓದುವ ಕ್ಯಾಮೆರಾದ ಕಥೆ ಇನ್ನೂ ಜಟಿಲ. ಅತಿಸುರಕ್ಷಿತ ಸಂಖ್ಯೆಫಲಕ 2019ರ ಏಪ್ರಿಲ್ 1ರ ನಂತರ ಬಂದ ಹೊಸ ವಾಹನಗಳಿಗೆ ಕಾರ್ಖಾನೆಯಿಂದಲೇ ಬರುತ್ತಿದೆ. ಹಳೆಯ ವಾಹನಗಳಲ್ಲಿ ಕನ್ನಡದ ಅಂಕಿಗಳಿವೆ, ಮರಾಠಿಯ ದೇವನಾಗರಿ ಅಂಕಿಗಳಿವೆ, ಕೆಸರಿದೆ, ನಿಂಬೆಹಣ್ಣು ಮೆಣಸಿನಕಾಯಿಯ ಸರವಿದೆ. ಬಸವಕಲ್ಯಾಣದ ಕೆಎ 56, ಬೀದರಿನ ಕೆಎ 38, ಭಾಲ್ಕಿಯ ಕೆಎ 39ರ ಜೊತೆಗೆ ಸೊಲ್ಲಾಪುರದ ಎಂಎಚ್ 13, ಲಾತೂರಿನ ಎಂಎಚ್ 24 ದಿನನಿತ್ಯ ಬರುತ್ತವೆ. ತೆಲಂಗಾಣದ ಗಾಡಿಗಳ ಮೇಲಂತೂ ಎಪಿ, 2014ರ ನಂತರದ ಟಿಎಸ್, 2024ರಿಂದ ಟಿಜಿ ಹೀಗೆ ಮೂರು ಬಗೆ. ಕ್ಯಾಮೆರಾ ಖರೀದಿಸುವವರು ಕಂಪನಿಯ ಪ್ರದರ್ಶನದ ಕಾರಿನ ಬದಲು ತಮ್ಮ ಬಾಗಿಲಿಗೆ ಬರುವ ಐವತ್ತು ಗಾಡಿಗಳನ್ನೇ ನಿಲ್ಲಿಸಿ ಪರೀಕ್ಷಿಸಬೇಕು, ಅದೂ ಸಂಜೆಯ ಹೊತ್ತಿನಲ್ಲಿ. ಅಲ್ಲದೆ ಯಾರ ಗಾಡಿ ಯಾರ ಅಂಗಡಿಗೆ ಎಷ್ಟು ಹೊತ್ತಿಗೆ ಬಂತು ಎಂಬ ದಾಖಲೆ ವ್ಯಾಪಾರದ ಗುಟ್ಟು. ಅದು ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳದೆ ಸಹಿ ಹಾಕುವುದು ಜಾಣತನವಲ್ಲ.

ಹಾಗಾದರೆ ಸಣ್ಣ ಘಟಕಗಳು ಏನು ಮಾಡಬೇಕು? ದಿನಕ್ಕೆ ಇಪ್ಪತ್ತು ಮೂವತ್ತು ವಾಹನ ಬರುವ ಬೇಳೆ ಗಿರಣಿಗೆ, ಎಣ್ಣೆ ಗಾಣಕ್ಕೆ, ಶೆಡ್ಡಿಗೆ ಮೋಟಾರಿನ ದಂಡ ಬೇಕಾಗಿಯೇ ಇಲ್ಲ. ಸರಿಯಾಗಿ ತೂಗಿಟ್ಟ ಎದುರುಭಾರದ ಕೈದಂಡವನ್ನು ಒಂದು ಕೈಯಿಂದ ಎತ್ತಬಹುದು. ಅದಕ್ಕೆ ಕರೆಂಟು ಬೇಡ, ಬಿಡಿಭಾಗ ಬೇಡ, ಕೆಡುವುದೂ ಅಪರೂಪ. ರೈಲ್ವೆ ಗೇಟುಗಳಲ್ಲಿ ಗೇಟ್‌ಮನ್ ಚಕ್ರ ತಿರುಗಿಸಿ ದಂಡ ಇಳಿಸುವ ಪದ್ಧತಿ ದಶಕಗಳ ಕಾಲ ನಡೆದುಕೊಂಡು ಬಂದದ್ದೂ ಇದೇ ಬಲದ ಮೇಲೆ. ಆ ಗೇಟುಗಳಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಒಳಗಟ್ಟು ಇರುವ ರೈಲ್ವೆ ಗೇಟಿನಲ್ಲಿ ದಂಡ ಇಳಿದು ಬೀಗ ಬೀಳುವ ತನಕ ರೈಲಿಗೆ ಹಸಿರು ಸಿಗ್ನಲ್ ದೊರೆಯುವುದಿಲ್ಲ. ದಂಡ ತಾನೊಂದೇ ನಿಂತಿರದೆ ಇನ್ನೊಂದಕ್ಕೆ ಕಟ್ಟುಬಿದ್ದಿದೆ. ಕಾರ್ಖಾನೆಯಲ್ಲಿ ಅದು ಕಾಟಾಕ್ಕೆ ಕಟ್ಟುಬೀಳಬೇಕು. ಲಾರಿಯ ಎಲ್ಲ ಗಾಲಿಗಳೂ ಕಾಟಾದ ಮೇಲೆ ಬಂದು, ತೂಕ ಸ್ಥಿರವಾಗಿ, ಚೀಟಿ ಅಚ್ಚಾದ ನಂತರವೇ ಮುಂದಿನ ದಂಡ ಏಳುವಂತೆ ಮಾಡಿದರೆ ಹಿಂದಿನ ಗಾಲಿಯನ್ನು ಅಂಚಿಗೆ ಬಿಟ್ಟು ತೂಗಿಸುವ ಹಳೆಯ ಚಮತ್ಕಾರ ನಿಲ್ಲುತ್ತದೆ. ಮೋಟಾರಿನ ದಂಡಕ್ಕೆ ಹಣ ಹಾಕುವುದಿದ್ದರೆ ಮೊದಲು ಅಲ್ಲಿ ಹಾಕಬೇಕು. ಹೆದ್ದಾರಿಯಿಂದ ಕಾಣುವ ಮುಖ್ಯ ಬಾಗಿಲಿನಲ್ಲಿ ಅಂದಕ್ಕಾಗಿ ಹಾಕುವುದು ಆಮೇಲಿನ ಮಾತು.

ಇಂಥ ಕೈದಂಡಗಳನ್ನು ಪುಣೆಯಿಂದಲೋ ಹೈದರಾಬಾದಿನಿಂದಲೋ ತರಿಸುವ ಅಗತ್ಯವಾದರೂ ಏನಿದೆ? ಸಸ್ತಾಪುರ ಬಂಗ್ಲಾದ ಸುತ್ತ ಲಾರಿಯ ಬಾಡಿ ಕಟ್ಟುವ, ಚಾಸಿ ನೇರ ಮಾಡುವ, ಪಟ್ಟಾ ಕೂಡಿಸುವ ಕಸಬುದಾರರಿದ್ದಾರೆ. ಬಸವಕಲ್ಯಾಣದ ಲಾರಿ ಉದ್ಯಮದ ಹೆಸರು ಮೂರು ರಾಜ್ಯಗಳ ಚಾಲಕರಿಗೆ ಗೊತ್ತು. ಬೇರಿಂಗು ಕೂಡಿಸಿದ ಒಂದು ಅಚ್ಚು, ಅಲ್ಯೂಮಿನಿಯಂ ಕೊಳವೆ, ಎದುರುಭಾರಕ್ಕೆ ಹಳೆಯ ಬ್ರೇಕ್ ಡ್ರಮ್ಮು, ಇದಕ್ಕಿಂತ ಹೆಚ್ಚಿನದೇನೂ ಕೈದಂಡದಲ್ಲಿ ಇಲ್ಲ. ಅಳತೆ ಸರಿಯಾಗಿರಬೇಕು, ದಂಡ ಕಡಿದು ಬೀಳದಂತೆ ತಡೆಗೊಕ್ಕೆ ಇರಬೇಕು, ರಾತ್ರಿ ಕಾಣುವ ಪ್ರತಿಫಲಕ ಪಟ್ಟಿ ಇರಬೇಕು. ಯಾರಾದರೂ ನಾಲ್ಕು ಜನ ಸೇರಿ ಒಂದು ಒಳ್ಳೆಯ ಮಾದರಿಯನ್ನು ಸಿದ್ಧಪಡಿಸಿದರೆ, ಅದರ ಗಿರಾಕಿಗಳು ಕಲಬುರಗಿಯ ಬೇಳೆ ಗಿರಣಿಗಳಲ್ಲಿ, ಜಹೀರಾಬಾದಿನ ಗೋದಾಮುಗಳಲ್ಲಿ ಸಿಗುತ್ತಾರೆ. ಬಾಗಿಲಿಗೆ ತಡೆ ಬೇಕೆಂಬ ಚರ್ಚೆಯಿಂದ ಊರಿಗೊಂದು ಹೊಸ ಮಾಲು ಹುಟ್ಟಿದರೆ ಅದೂ ಲಾಭವೇ.

ವಾಚ್‌ಮನ್‌ನನ್ನು ತೆಗೆದುಹಾಕಿ ಆ ಸಂಬಳದಲ್ಲಿ ಯಂತ್ರದ ಕಂತು ಕಟ್ಟಬಹುದೆಂಬ ಲೆಕ್ಕ ಕೆಲವರಲ್ಲಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಅನುಭವ ಇದ್ದವರಿಗೆ ಈ ಲೆಕ್ಕ ಹಿಡಿಸುವುದು ಸಹಜ. ಆದರೆ ದಂಡ ನೋಡುವುದು ಗಾಡಿಯನ್ನು, ಟಾರ್ಪಾಲಿನ ಕೆಳಗೆ ಏನಿದೆ ಎಂಬುದನ್ನಲ್ಲ. ಕರೆಂಟು ಹೋದಾಗ ಕೀಲಿ ತಿರುಗಿಸುವವನು, ಕಣ್ಣಿನ ದೂಳು ಒರೆಸುವವನು, ಎತ್ತಿನ ಗಾಡಿ ದಾಟುವ ತನಕ ಗುಂಡಿ ಒತ್ತಿ ಹಿಡಿಯುವವನು ಮನುಷ್ಯನೇ. ಪ್ರಾಮಾಣಿಕನಲ್ಲದ ವಾಚ್‌ಮನ್ ಕೈಯಲ್ಲಿ ಕೊಟ್ಟ ಯಂತ್ರದ ದಂಡ ಅವನ ವಸೂಲಿಗೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಎಷ್ಟು ಬಾರಿ ಕೈಯಿಂದ ದಂಡ ಎತ್ತಲಾಯಿತು ಎಂಬ ಎಣಿಕೆಯನ್ನು ಈಗಿನ ಯಂತ್ರಗಳು ಇಡಬಲ್ಲವು. ಆ ಎಣಿಕೆಯನ್ನು ವಾರಕ್ಕೊಮ್ಮೆ ಮಾಲೀಕ ಸ್ವತಃ ರಿಜಿಸ್ಟರಿನೊಂದಿಗೆ ತಾಳೆ ನೋಡುವುದಾದರೆ ಮಾತ್ರ ಯಂತ್ರಕ್ಕೆ ಕೊಟ್ಟ ಹಣ ವಸೂಲಾದೀತು.

ಕೊನೆಯದಾಗಿ ಖರ್ಚಿನ ಹಂಚಿಕೆ. ಗಂಜಿನ ದ್ವಾರವನ್ನು ಮಾರುಕಟ್ಟೆ ಸಮಿತಿಯೇ ನೋಡಿಕೊಳ್ಳಬೇಕು. ಶುಲ್ಕ ಕಟ್ಟುವ ವರ್ತಕರ ಮೇಲೆ ಬೇರೆ ಪ್ರವೇಶ ದರ ಬೀಳದಂತೆ ವರ್ತಕರ ಸಂಘಗಳು ಮೊದಲೇ ಮಾತಾಡಿ ಬರೆಸಿಕೊಳ್ಳಬೇಕು. ದಂಡದ ನಿರ್ವಹಣೆಯನ್ನು ಗುತ್ತಿಗೆಗೆ ಕೊಟ್ಟು, ಗುತ್ತಿಗೆದಾರ ಪ್ರತಿ ಗಾಡಿಗೆ ಇಷ್ಟೆಂದು ವಸೂಲಿ ಮಾಡುವ ಪದ್ಧತಿಗೆ ಒಮ್ಮೆ ಬಾಗಿಲು ತೆರೆದರೆ, 1979ರಲ್ಲಿ ಹೋದ ಜಕಾತಿ ಇನ್ನೊಂದು ಹೆಸರಿನಲ್ಲಿ ಮರಳಿ ಬಂದಂತೆಯೇ. ಕೈಗಾರಿಕಾ ಪ್ರದೇಶದಲ್ಲಿ ಅಕ್ಕಪಕ್ಕದ ನಾಲ್ಕೈದು ಘಟಕಗಳು ಒಂದೇ ಕಂಪನಿಯ ಯಂತ್ರ ಕೊಂಡರೆ ಒಬ್ಬ ಮೆಕ್ಯಾನಿಕ್‌ನನ್ನು ಹೈದರಾಬಾದಿನಿಂದ ಕರೆಸುವ ಖರ್ಚು ಹಂಚಿಹೋಗುತ್ತದೆ, ಒಂದು ಸ್ಪ್ರಿಂಗು, ಒಂದು ಸರ್ಕ್ಯೂಟು ಎಲ್ಲರಿಗಾಗಿ ಕಪಾಟಿನಲ್ಲಿ ಇಡಬಹುದು.

ಖರೀದಿಗೆ ಮುನ್ನ ಮಾಡಬೇಕಾದ ಕೆಲಸಕ್ಕೆ ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಸಾಕು. ಮುಂದಿನ ತೊಗರಿ ಆವಕದ ಒಂದು ವಾರ ಬಾಗಿಲಿನಲ್ಲಿ ಒಬ್ಬ ಹುಡುಗನನ್ನು ಕೂಡಿಸಿ, ಪ್ರತಿ ವಾಹನ ಬಂದ ಹೊತ್ತು, ಒಳಹೋದ ಹೊತ್ತು, ಹೊರಬಿದ್ದ ಹೊತ್ತು, ಟ್ರ್ಯಾಕ್ಟರೋ ಲಾರಿಯೋ ಎತ್ತಿನ ಗಾಡಿಯೋ ಎಂಬುದನ್ನು ಬರೆಸಬೇಕು. ಸಾಲಿನ ಬಾಲ ಎಲ್ಲಿಯವರೆಗೆ ಮುಟ್ಟಿತೆಂಬುದನ್ನು ದಿನಕ್ಕೆ ಮೂರು ಹೊತ್ತು ಹೆಜ್ಜೆ ಹಾಕಿ ಅಳೆಯಬೇಕು. ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಕೊಟೇಶನ್ ಕೇಳಿದರೆ ಮಾರುವವನ ಮಾತಿನ ಧಾಟಿಯೂ ಬೇರೆಯಾಗುತ್ತದೆ. ಕಂಬಕ್ಕೆ ಕಾಂಕ್ರೀಟ್ ಹಾಕುವುದು, ಲೂಪಿಗೆ ರಸ್ತೆ ಕೊರೆಯುವುದು ಇವೇನಿದ್ದರೂ ನೆಲ ಒಣಗಿರುವ ಯುಗಾದಿಯಿಂದ ಮಿರ್ಗದ ಮಳೆಯವರೆಗಿನ ದಿನಗಳಲ್ಲಿ ಮುಗಿಯಬೇಕು.